ಹದಿನಾರು ವರ್ಷದ ಮೇಲೆ ಮತ್ತೆ ವಿಂಡ್‌ಸರ್ಫಿಂಗ್: ಎಲ್ಲಿಂದ ಶುರು ಮಾಡಲಿ?

ಗ್ಯಾರೇಜಿನ ಹಾಯಿ (ಸನ್ನಿವೇಲ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಹಾಸನದ ಕಡೆಯವನು. 2000ದಲ್ಲಿ ಕೆಲಸಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೆ ಬಂದೆ. ಮಾರನೇ ವರ್ಷ ಆಫೀಸಿನ ಗೆಳೆಯನೊಬ್ಬ ಮೌಂಟನ್ ವ್ಯೂನ ಶೋರ್‌ಲೈನ್ ಕೆರೆಗೆ ಕರೆದುಕೊಂಡು ಹೋದ. ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಲ್ಲಿ ನೀರಿನ ಮೇಲೆ ಸಾಗುವುದು, ಕಲಿತದ್ದು ಅಲ್ಲೇ. ಊರಲ್ಲಿ ಈಜು ಕಲಿತದ್ದು ಕಾಲುವೆಯಲ್ಲಿ. ಸಮುದ್ರ ಮೊದಲು ನೋಡಿದ್ದು ಕಾಲೇಜು ಟೂರಿನಲ್ಲಿ. ಅಂಥವನಿಗೆ ಈ ಆಟ ಎಷ್ಟು ಹಿಡಿಸಿತು ಅಂದರೆ, 2009ರವರೆಗೆ ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ವಾರಕ್ಕೆರಡು ಸಲ ಸ್ಯಾನ್ ಮಟೇಯೋದ ಕಯೋಟಿ ಪಾಯಿಂಟಿನಲ್ಲಿ ಇರುತ್ತಿದ್ದೆ. ತಲೆ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನ, ಕಾಲ ಕೆಳಗೆ ಕೊಲ್ಲಿಯ ನೀರು.

ಆಮೇಲೆ ಎರಡನೇ ಮಗು ಆಯಿತು. ಅಪ್ಪನಿಗೆ ಕಾಯಿಲೆ, ಊರಿಗೆ ಓಡಾಟ. ಜೊತೆಗೆ ಎಡ ಭುಜದ ನೋವು. ಬಿಡಬೇಕು ಅಂತ ಬಿಟ್ಟದ್ದಲ್ಲ. ಒಂದು ಬೇಸಿಗೆ ಹೋಗಲಿಲ್ಲ, ಮುಂದಿನ ಬೇಸಿಗೆಯೂ ಹೋಗಲಿಲ್ಲ, ಹಾಗೇ ನಿಂತುಹೋಯಿತು.

ಹೋದ ತಿಂಗಳು ಗ್ಯಾರೇಜ್ ಖಾಲಿ ಮಾಡುವಾಗ ಬೋರ್ಡು ಸಿಕ್ಕಿತು. 105 ಲೀಟರಿನದು, 60 ಸೆಂಟಿಮೀಟರ್ ಅಗಲ. 5.7 ಮತ್ತು 4.7 ಚದರ ಮೀಟರಿನ ಎರಡು ಹಾಯಿಗಳೂ ಇವೆ. ಹದಿನೇಳು ವರ್ಷದ ಮಗ ಹಾಯಿಯ ಚೀಲ ಎತ್ತಿಕೊಡುತ್ತಾ, "ಅಪ್ಪ, ಇದನ್ನು ಯಾಕೆ ಮಾಡುತ್ತಿದ್ದೆ?" ಅಂದ. ಚೆನ್ನಾಗಿರುತ್ತಿತ್ತು ಕಣೋ ಎಂದೆ. ಅದು ಉತ್ತರ ಅಲ್ಲ ಅಂತ ನನಗೇ ಅನ್ನಿಸಿತು. ಅವತ್ತಿನಿಂದ ಆ ಪ್ರಶ್ನೆ ಬೆನ್ನು ಬಿಟ್ಟಿಲ್ಲ.

ಭಾನುವಾರ ಸುಮ್ನೆ ನೋಡಿ ಬರೋಣ ಅಂತ ಕಯೋಟಿ ಪಾಯಿಂಟಿಗೆ ಹೋದೆ. ನೀರಿನ ತುಂಬ ವಿಂಗ್ ಫಾಯಿಲ್‌ನವರು, ಕೈಯಲ್ಲಿ ರೆಕ್ಕೆ ಹಿಡಿದು ನೀರಿನಿಂದ ಮೇಲೆದ್ದ ಬೋರ್ಡಿನ ಮೇಲೆ ಹೋಗುವವರು. ವಿಂಡ್‌ಸರ್ಫ್ ಮಾಡುತ್ತಿದ್ದವರು ನಾಲ್ಕೇ ಜನ. ನನಗೀಗ 51 ವರ್ಷ, ತೂಕ 78 ಕಿಲೋ. ಮತ್ತೆ ಶುರು ಮಾಡಬಹುದಾ? ಈ ಸಾಮಾನು ನಡೆಯುತ್ತಾ? ಇನ್ನೊಂದು ಮಾತು. ನೀವೆಲ್ಲ ಯಾಕೆ ಮಾಡುತ್ತೀರಿ? ಅದನ್ನೂ ಬರೆಯಿರಿ.

ಪಡುಗಾಳಿ (ಸ್ಯಾನ್ ಮಟೇಯೋ)

ಖಂಡಿತ ಶುರು ಮಾಡಿ. ನನಗೆ 63, ಈ ವಾರವೂ ನೀರಿಗೆ ಇಳಿದಿದ್ದೇನೆ. ಆದರೆ ಹಳೇ ಸಾಮಾನನ್ನು ನೇರವಾಗಿ ಕಾರಿಗೆ ಹೇರಬೇಡಿ.

ಮೊದಲು ಮಾಸ್ಟ್ ಫುಟ್ ನೋಡಿ. ಮಾಸ್ಟನ್ನು, ಅಂದರೆ ಹಾಯಿಯ ಕಂಬವನ್ನು, ಬೋರ್ಡಿಗೆ ಸೇರಿಸುವ ರಬ್ಬರಿನಂಥ ತುಂಡು ಇದೆಯಲ್ಲ, ಅದು. ಕೈಯಲ್ಲಿ ಹಿಡಿದು ಪೂರ್ತಿ ಬಗ್ಗಿಸಿ, ಬುಡದ ಹತ್ತಿರ ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಕಸದ ಬುಟ್ಟಿಗೆ ಹಾಕಿ. ಅದು ನೀರಿನ ನಡುವೆ ತುಂಡಾದರೆ ಹಾಯಿ ಒಂದು ಕಡೆ, ಬೋರ್ಡು ಒಂದು ಕಡೆ, ನೀವು ಮಧ್ಯದಲ್ಲಿ. ಆಮೇಲೆ ಹಾಯಿ. ಪಾರದರ್ಶಕ ಭಾಗವನ್ನು ಮೆಲ್ಲಗೆ ಮಡಚಿ. ಹಪ್ಪಳದ ಹಾಗೆ ಚಟಪಟ ಅಂದರೆ ಬಿಸಿಲಿಗೆ ಸತ್ತಿದೆ ಎಂದೇ ಅರ್ಥ. ಒಂದು ಸಲ ಅದರ ಮೇಲೆ ಬಿದ್ದರೆ ಸಾಕು, ಹರಿಯುತ್ತದೆ. ಹಗ್ಗಗಳನ್ನೆಲ್ಲ ಹೊಸದು ಮಾಡಿ, ಅದೇನೂ ದೊಡ್ಡ ಖರ್ಚಲ್ಲ.

ಇನ್ನು ಬೋರ್ಡು. ಲೆಕ್ಕ ಮಾಡೋಣ. 105 ಲೀಟರ್ ಬೋರ್ಡು ಸುಮಾರು 105 ಕಿಲೋ ತೇಲಿಸುತ್ತದೆ. ನೀವು 78. ಬೋರ್ಡಿನದೇ ತೂಕ 7, ಹಾಯಿ, ಮಾಸ್ಟ್, ಕೈಯಲ್ಲಿ ಹಿಡಿಯುವ ಅಡ್ಡಕೋಲು ಬೂಮ್ ಸೇರಿ 10, ನೆನೆದ ವೆಟ್‌ಸೂಟ್ 3. ಒಟ್ಟು 98. ಉಳಿದದ್ದು 7 ಕಿಲೋ. ಜೋರು ಗಾಳಿಯಲ್ಲಿ ವಾಟರ್‌ಸ್ಟಾರ್ಟ್, ಅಂದರೆ ನೀರಿನಲ್ಲಿದ್ದುಕೊಂಡೇ ಹಾಯಿಯ ಎಳೆತಕ್ಕೆ ಬೋರ್ಡಿಗೇರುವುದು, ಮಾಡುತ್ತಿದ್ದ ಕಾಲಕ್ಕೆ ಅದು ಸರಿ. ಈಗ ಅದರ ಮೇಲೆ ನಿಂತು ಹಗ್ಗದಿಂದ ಹಾಯಿ ಎತ್ತಲು ಹೋದರೆ ಬಾಳೆದಿಂಡಿನ ಮೇಲೆ ನಿಂತ ಹಾಗೆ ಆಗುತ್ತದೆ. ನೀವು ಹತ್ತು ಸಲ ಬಿದ್ದು, ವಯಸ್ಸಾಯಿತು ಎಂದು ಮನೆಗೆ ಹೋಗುತ್ತೀರಿ. ತಪ್ಪು ವಯಸ್ಸಿನದಲ್ಲ, ಬೋರ್ಡಿನದು. ಹೀಗೆ ವಾಪಸ್ ಬಂದು, ಒಂದೇ ದಿನಕ್ಕೆ ಬಿಟ್ಟುಹೋದವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

ನನ್ನ ಹತ್ತಿರ 150 ಲೀಟರಿನದೊಂದು ಇದೆ, 80 ಸೆಂಟಿಮೀಟರ್ ಅಗಲ. ಬಂದು ತೆಗೆದುಕೊಂಡು ಹೋಗಿ. ಕಯೋಟಿ ಪಾಯಿಂಟ್ ಸದ್ಯಕ್ಕೆ ಬೇಡ. ದಡದಲ್ಲಿ ಗಾಳಿ ಕಡಿಮೆ, ಒಳಗೆ ಹೋದ ಹಾಗೆ ಒಮ್ಮೆಲೇ ಜಾಸ್ತಿ. ಮೊದಲು ಶೋರ್‌ಲೈನ್ ಕೆರೆ, ಆಮೇಲೆ ಅಲಮೀಡಾದ ಕ್ರೌನ್ ಬೀಚ್. ಅಲ್ಲಿ ಬಹಳ ದೂರದವರೆಗೆ ಸೊಂಟದ ಮಟ್ಟ ನೀರು, ಕೆಳಗೆ ಮರಳು. ಉಬ್ಬರದ ಹೊತ್ತು ನೋಡಿಕೊಂಡು ಹೋಗಬೇಕು. ಇಳಿತದಲ್ಲಿ ಬೋರ್ಡಿನ ಅಡಿಯ ಫಿನ್ ನೆಲಕ್ಕೆ ತಾಗುತ್ತದೆ.

ಗ್ಯಾರೇಜಿನ ಹಾಯಿ

ಸಾರ್, ಈಗಷ್ಟೇ ಮಾಸ್ಟ್ ಫುಟ್ ಬಗ್ಗಿಸಿ ನೋಡಿದೆ. ಬುಡದಲ್ಲಿ ಸುತ್ತಲೂ ಬಿರುಕು. ನೀವು ಹೇಳದಿದ್ದರೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದೆ. ದೊಡ್ಡ ಉಪಕಾರ ಆಯಿತು.

ಸಾಗರದವಳು (ಶಿವಮೊಗ್ಗ)

"ಯಾಕೆ" ಅನ್ನುವ ಪ್ರಶ್ನೆಗೆ ನನ್ನದೊಂದು ಉತ್ತರ.

ನಾನು ವಿಂಡ್‌ಸರ್ಫಿಂಗ್ ಕಂಡದ್ದು ಹೊನ್ನೆಮರಡಿನಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು, ನಮ್ಮ ಸಾಗರ ತಾಲ್ಲೂಕು. ಕಾಲೇಜಿನಲ್ಲಿದ್ದಾಗ ಕ್ಯಾಂಪಿಗೆ ಹೋಗಿದ್ದೆವು. ಮೊದಲ ದಿನ ಹಾಯಿ ಮುಟ್ಟಲು ಬಿಡಲಿಲ್ಲ. ಹರಿಗೋಲು ಕೊಟ್ಟರು. ಹರಿಗೋಲಿಗೆ ಹಿಂದು ಮುಂದು ಇಲ್ಲವಲ್ಲ, ನಾವು ಗಿರಗಿರ ತಿರುಗುತ್ತಾ ಅಳುವುದೊಂದು ಬಾಕಿ. ಸಂಜೆಯ ಹೊತ್ತಿಗೆ ನೀರು ಎತ್ತ ತಳ್ಳುತ್ತದೆ, ಗಾಳಿ ಎತ್ತ ತಳ್ಳುತ್ತದೆ ಅಂತ ಮೈಗೆ ಗೊತ್ತಾಗತೊಡಗಿತು. ಎರಡನೇ ದಿನ ಬೋರ್ಡು.

ಬೋರ್ಡಿನ ಮೇಲೆ ನಿಂತು ಹಗ್ಗ ಹಿಡಿದು ಹಾಯಿ ಎತ್ತುತ್ತೀರಿ. ಹಾಯಿಯ ಮೇಲೆ ನೀರು ನಿಂತಿರುತ್ತದೆ, ಅದಕ್ಕೆ ಹೆಣಭಾರ. ಸೊಂಟ ಕಿತ್ತುಬರುತ್ತದೆ ಅನ್ನಿಸುತ್ತದೆ. ಅಷ್ಟರಲ್ಲಿ ಒಂದು ಅಂಚು ಮೇಲೇಳುತ್ತದೆ, ನೀರು ಸುರ್ರೆಂದು ಇಳಿದುಹೋಗುತ್ತದೆ. ಒಂದೇ ಕ್ಷಣದಲ್ಲಿ ಭಾರವೆಲ್ಲ ಮಾಯ. ಈಗತಾನೇ ಎಳೆಯಲಾಗದಿದ್ದ ಹಾಯಿ ಎರಡು ಬೆರಳಲ್ಲಿ ನಿಲ್ಲುತ್ತದೆ, ಗಾಳಿಗೆ ಪಟಪಟ ಅನ್ನುತ್ತಾ. ಅವತ್ತು ಅದು ಆದಾಗ ನಾನು ಮುಂದೆ ಎಲ್ಲೂ ಹೋಗಲೇ ಇಲ್ಲ. ಹಾಗೇ ಹಿಡಿದುಕೊಂಡು ನಿಂತಿದ್ದೆ. ದಡದಿಂದ ಎಲ್ಲರೂ ಕೂಗುತ್ತಿದ್ದರು.

ಆಮೇಲೆ ಮದುವೆ, ಕೆಲಸ. ಇಪ್ಪತ್ತೆರಡು ವರ್ಷ ಹಾಯಿ ಮುಟ್ಟಲಿಲ್ಲ. ಎರಡು ವರ್ಷದ ಹಿಂದೆ ಮಗಳ ಜೊತೆ ಮತ್ತೆ ಹೋದೆ. ನಾನು ಎಷ್ಟು ದೂರ ಹೋದೆ ಅನ್ನುವುದು ಮುಖ್ಯ ಅಲ್ಲ. ನೀರು ಸುರ್ರೆಂದು ಇಳಿದದ್ದು ಮಾತ್ರ ಅದೇ ಥರ ಇತ್ತು. ಆ ಒಂದು ಗಳಿಗೆಗೆ ಬೇಕಾದರೆ ನಾನು ಇನ್ನೂ ಇಪ್ಪತ್ತು ಸಲ ಬೀಳುತ್ತೇನೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಇಲ್ಲಿಗೆ ಬರುವವರಿಗೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ಕೆಲವು ನೀರಿನ ಒಂದಡಿ ಕೆಳಗೆ ಇರುತ್ತವೆ, ಕಾಣಿಸುವುದಿಲ್ಲ. ಮಳೆಗಾಲ ಮುಗಿದ ಮೇಲೆ ನೀರು ತುಂಬಿರುವಾಗಲೇ ಬನ್ನಿ. ಲೈಫ್ ಜಾಕೆಟ್ ಇಲ್ಲದೆ, ಅಲ್ಲಿನವರ ಜೊತೆ ಇಲ್ಲದೆ ಇಳಿಯಲೇಬೇಡಿ.

ರೆಕ್ಕೆ ಹುಡುಗ (ಫ್ರೀಮಾಂಟ್)

ಅಣ್ಣ, ಬೇಜಾರಾಗಬೇಡಿ, ಮನಸ್ಸಿಗೆ ಬಂದದ್ದು ಹೇಳುತ್ತೇನೆ. 51ಕ್ಕೆ ಹೊಸದಾಗಿ ದುಡ್ಡು ಹಾಕುವುದಾದರೆ ವಿಂಗ್ ಫಾಯಿಲ್‌ಗೆ ಹಾಕಿ. ಗಾಳಿ ತುಂಬಿಸುವ ರೆಕ್ಕೆ, ಚಿಕ್ಕ ಬೋರ್ಡು, ಎಲ್ಲ ಕಾರಿನೊಳಗೇ ಹಿಡಿಸುತ್ತದೆ. 12 ನಾಟ್ (ಗಂಟೆಗೆ ಸುಮಾರು 22 ಕಿಲೋಮೀಟರ್) ಗಾಳಿಗೇ ನೀರಿನಿಂದ ಮೇಲೆದ್ದು ಹೋಗಬಹುದು. ವಿಂಡ್‌ಸರ್ಫಿಂಗ್‌ನಲ್ಲಿ ಅಷ್ಟು ಗಾಳಿಗೆ ಎಷ್ಟು ದೊಡ್ಡ ಹಾಯಿ ಹೊರಬೇಕು, ನಿಮಗೇ ಗೊತ್ತು. ಭುಜದ ನೋವು ಬೇರೆ ಇದೆ ಅನ್ನುತ್ತೀರಿ.

ಪಡುಗಾಳಿ

ರೆಕ್ಕೆ ಹುಡುಗ ಹೇಳಿದ್ದು ನಿಜ, ಸಾಮಾನಿನ ವಿಷಯದಲ್ಲಿ ವಿಂಗ್ ಸುಲಭ. ನನ್ನ ಗೆಳೆಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅತ್ತ ಹೋಗಿದ್ದಾರೆ, ಖುಷಿಯಾಗಿದ್ದಾರೆ. ಆದರೆ ಎರಡೂ ಒಂದೇ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ವಿಂಗ್ ನಿಮ್ಮ ಕೈಯಲ್ಲಿರುತ್ತದೆ, ಬೋರ್ಡು ಕಾಲಲ್ಲಿ. ಅವೆರಡನ್ನೂ ಸೇರಿಸುವುದು ನಿಮ್ಮ ಮೈ ಒಂದೇ. ವಿಂಡ್‌ಸರ್ಫಿಂಗ್‌ನಲ್ಲಿ ಹಾಯಿ ಬೋರ್ಡಿಗೇ ಸೇರಿದೆ, ಆದರೆ ಎತ್ತ ಬೇಕಾದರೂ ವಾಲುವ ಹಾಗೆ. ಗಾಳಿಯ ಬಲ ಮಾಸ್ಟಿನ ಬುಡದಿಂದ ನೇರ ಬೋರ್ಡಿಗೆ ಇಳಿಯುತ್ತದೆ. ಚುಕ್ಕಾಣಿ ಇಲ್ಲ. ಹಾಯಿಯನ್ನು ಮೂತಿಯ ಕಡೆ ವಾಲಿಸಿದರೆ ಬೋರ್ಡು ಗಾಳಿಯಿಂದ ದೂರ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ. ಆ ವಾಲುವ ಕೀಲೇ ಈ ಆಟದ ಜೀವ. ಜಿಮ್ ಡ್ರೇಕ್ ಎಂಬ ವಿಮಾನದ ಎಂಜಿನಿಯರ್, ಹಾಯ್ಲ್ ಶ್ವೈಟ್ಜರ್ ಎಂಬ ಅವರ ಗೆಳೆಯ 1967ರಲ್ಲಿ ಇದೇ ಕ್ಯಾಲಿಫೋರ್ನಿಯಾದ ದಕ್ಷಿಣದಲ್ಲಿ ಮೊದಲು ನೀರಿಗಿಳಿಸಿದ್ದು ಅಂಥ ಕೀಲಿನ ಬೋರ್ಡನ್ನೇ. ಅದಕ್ಕೂ ಮೂರು ವರ್ಷ ಮೊದಲು ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಎಂಬುವರು ನಿಂತುಕೊಂಡು ನಡೆಸುವ ಹಾಯಿ ಹಲಗೆ ಮಾಡಿದ್ದರು. ಹಾಯಿಯನ್ನು ಹಿಡಿದುಕೊಂಡೇ ದಾರಿ ತೋರಿಸುವುದು, ಅದೇ ಹಾಯಿ ನಮ್ಮನ್ನು ಹಿಡಿದು ನಿಲ್ಲಿಸುವುದು, ಈ ಕೊಡು ಕೊಳ್ಳು ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಭುಜದ ಬಗ್ಗೆ ಒಂದು ಮಾತು. ಹಾರ್ನೆಸ್, ಅಂದರೆ ಸೊಂಟಕ್ಕೆ ಕಟ್ಟಿ ಬೂಮಿನ ಹಗ್ಗಕ್ಕೆ ಸಿಕ್ಕಿಸುವ ಪಟ್ಟಿ, ಸರಿಯಾಗಿ ಹಾಕಿದರೆ ಎಳೆತ ಬೀಳುವುದು ಸೊಂಟಕ್ಕೆ, ಭುಜಕ್ಕೆ ಅಲ್ಲ.

ಮೊಣಕಾಲು ಡಾಕ್ಟರಲ್ಲ, ಫಿಸಿಯೋ (ಮಂಗಳೂರು)

ಅದಕ್ಕೇ ಸೇರಿಸುತ್ತೇನೆ. ತೋಳು ಮಡಚಿ ಎಳೆಯಬೇಡಿ. ತೋಳು ಚಾಚಿ, ಮೈ ತೂಕ ಹಿಂದಕ್ಕೆ ಬಿಡಿ. ಹಾಯಿ ಎತ್ತುವಾಗ ಬೆನ್ನು ಬಗ್ಗಿಸದೆ ಮಂಡಿ ಮಡಚಿ, ಕಾಲಿನಿಂದ ಎತ್ತಿ. ಹದಿನಾರು ವರ್ಷದ ನಂತರ ಮೊದಲು ಕೈಕೊಡುವುದು ಮುಂಗೈ. ದಿನಾ ಒಂದು ಸರಳು ಹಿಡಿದು ಇಪ್ಪತ್ತು ಸೆಕೆಂಡು ಜೋತು ಬೀಳಿ, ಮೆಲ್ಲಗೆ ಹೆಚ್ಚಿಸಿ. ಜೋತು ಬಿದ್ದಾಗಲೇ ಎಡ ಭುಜ ಚುಚ್ಚಿದರೆ ನೀರಿಗೆ ಹೋಗುವ ಮುಂಚೆ ತೋರಿಸಿಕೊಳ್ಳಿ. ಮೊದಲ ದಿನ ಒಂದು ಗಂಟೆ ಸಾಕು.

ಹಲಸೂರು ಸುಬೇದಾರ್ (ಬೆಂಗಳೂರು)

ನಾನು ಸೇನೆಯಲ್ಲಿದ್ದಾಗ ಹಲಸೂರು ಕೆರೆಯಲ್ಲಿ ಹಾಯಿ ಹಿಡಿದವನು. ಕೆರೆ ಅಂತ ಯಾರೂ ಹಗುರ ಮಾಡಬೇಡಿ. ಸುತ್ತ ಕಟ್ಟಡ, ಮರ. ಗಾಳಿ ಒಂದು ನಿಮಿಷ ಎಡದಿಂದ, ಮರುನಿಮಿಷ ಬಲದಿಂದ, ಇನ್ನೊಂದು ನಿಮಿಷ ಇಲ್ಲವೇ ಇಲ್ಲ. ಅಲ್ಲಿ ಕಲಿತವನು ನೀರಿನ ಮೇಲಿನ ಕರಿ ಪಟ್ಟೆ ನೋಡಿಯೇ ಗಾಳಿ ಬರುತ್ತಿದೆ ಅನ್ನುತ್ತಾನೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಕಂಚು ತಂದ ಇಬಾದ್ ಅಲಿ ಕೂಡ ಸಮುದ್ರದ ಊರಿನವನಲ್ಲ. ಭೋಪಾಲದ ಕೆರೆಯಲ್ಲಿ ತಯಾರಾದ ಹುಡುಗ. ಅವತ್ತು ಟಿವಿ ಮುಂದೆ ಕೂತು ನಾನು ಅತ್ತುಬಿಟ್ಟೆ.

ನೀವು ಕೆರೆಯಿಂದಲೇ ಶುರು ಮಾಡಿ ತಮ್ಮಾ.

ಐಂಡ್‌ಹೋವನ್ ಕನ್ನಡಿಗ (ನೆದರ್‌ಲ್ಯಾಂಡ್ಸ್)

ಕಯೋಟಿ ಪಾಯಿಂಟಿನಲ್ಲಿ ನಾಲ್ಕೇ ಜನ ಇದ್ದರು ಅಂತ ಬರೆದಿದ್ದೀರಿ. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಎಪ್ಪತ್ತರ ದಶಕದಲ್ಲಿ ಇಲ್ಲಿನ ಟೆನ್ ಕಾಟೆ ಎಂಬ ಬಟ್ಟೆ ಕಂಪನಿ ಈ ಬೋರ್ಡುಗಳನ್ನು ತಯಾರಿಸಿ ಯುರೋಪಿನ ತುಂಬ ಮಾರಿತು. ನನ್ನ ಡಚ್ ಸಹೋದ್ಯೋಗಿಗಳನ್ನು ಕೇಳಿದರೆ, ಅವರಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಕಾರಿನ ಮೇಲೆ ಬೋರ್ಡು ಕಟ್ಟಿಕೊಂಡು ರಜೆಗೆ ಹೋದವರೇ. ಉದ್ದ ಬೋರ್ಡು, ಒಂದೇ ಹಾಯಿ, ಎಂಥ ಗಾಳಿಗೂ ನಡೆಯುತ್ತಿತ್ತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಸಲ ಜಾಗ ಸಿಕ್ಕಾಗ ಚಿನ್ನ ಗೆದ್ದವನೂ ಡಚ್ಚನೇ, ಸ್ಟೆಫಾನ್ ವಾನ್ ಡೆನ್ ಬರ್ಗ್. ಆಮೇಲೆ ಏನಾಯಿತು? ಬೋರ್ಡು ಚಿಕ್ಕದಾಗುತ್ತಾ ಹೋಯಿತು, ವೇಗದ ಹುಚ್ಚು ಹೆಚ್ಚಿತು. 20 ನಾಟ್ ಗಾಳಿ ಇಲ್ಲದಿದ್ದರೆ ದಡದಲ್ಲಿ ಕೂರಬೇಕಾಯಿತು. ಮನೆ ಮಕ್ಕಳಿರುವವನು ವರ್ಷಕ್ಕೆ ಹತ್ತು ದಿನದ ಗಾಳಿಗೆ ಕಾದು ಕೂರುತ್ತಾನಾ? ಬಿಟ್ಟ. ನಾನು 2011ರಲ್ಲಿ ಬಿಟ್ಟದ್ದೂ ಹೀಗೇ. ನಿಮ್ಮ 60 ಸೆಂಟಿಮೀಟರಿನ ಬೋರ್ಡೂ ಅದೇ ಕಾಲದ್ದು.

ವಾಪಸ್ ಬಂದದ್ದು ಉದ್ದ ಬೋರ್ಡಿನಿಂದ. ವಿಂಡ್‌ಸರ್ಫರ್ ಎಂಬ ಹಳೇ ಬೋರ್ಡನ್ನೇ ಈಗ ವಿಂಡ್‌ಸರ್ಫರ್ ಎಲ್‌ಟಿ ಅಂತ ಹಗುರವಾಗಿ ಮಾಡುತ್ತಿದ್ದಾರೆ. ಮೂರೂವರೆ ಮೀಟರಿಗಿಂತ ಉದ್ದ, ನಡುವೆ ನೀರಿಗೆ ಇಳಿಬಿಡುವ ಹಲಗೆ ಡ್ಯಾಗರ್‌ಬೋರ್ಡು, 5.7ರ ಹಾಯಿ. 6 ನಾಟ್ ಗಾಳಿಗೂ ಹೋಗುತ್ತದೆ, 18ಕ್ಕೂ ಹೋಗುತ್ತದೆ. ಈಗ ಕೆಲಸ ಮುಗಿಸಿ ಸಂಜೆ ಹೋಗಿ ಬರುತ್ತೇನೆ, ಗಾಳಿ ಎಷ್ಟಿದೆ ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ. ಸಣ್ಣ ಗಾಳಿಯಲ್ಲಿ ನೀರು ಬೋರ್ಡಿನ ಕೆಳಗೆ ಗುಳುಗುಳು ಅನ್ನುತ್ತದೆ. ಬಾತುಕೋಳಿಗಳು ಪಕ್ಕದಲ್ಲೇ ಬರುತ್ತವೆ. ಅದೂ ವಿಂಡ್‌ಸರ್ಫಿಂಗೇ ಅಲ್ವಾ?

ಪಡುಗಾಳಿ

ಹೌದು ಮಾರಾಯರೇ, ಅದೂ ಅದೇ.

ನನಗೂ ಯಾಕೆ ಅಂತ ಕೇಳಿದ್ದೀರಿ. ನಾನು ಹೆದರಿದ ದಿನದ ಕಥೆ ಹೇಳುತ್ತೇನೆ, ಅದರಲ್ಲೇ ಉತ್ತರ ಇದೆ.

2006ರ ಜೂನ್, ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸ್ಸಿ ಫೀಲ್ಡ್ ಕಡಲತೀರ. ಎದುರಿಗೇ ಗೋಲ್ಡನ್ ಗೇಟ್ ಸೇತುವೆ. ಇಲ್ಲಿನ ಗಾಳಿಯ ಲೆಕ್ಕ ಗೊತ್ತಲ್ಲ, ಒಳನಾಡಿನ ಸ್ಯಾಕ್ರಮೆಂಟೊ ಕಡೆ ನೆಲ ಕಾದು ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಪೆಸಿಫಿಕ್ಕಿನ ತಣ್ಣನೆ ಗಾಳಿ ಸೇತುವೆಯ ಕೆಳಗಿನಿಂದ ನುಗ್ಗುತ್ತದೆ. ಮಧ್ಯಾಹ್ನ ಎರಡರಿಂದ ಸಂಜೆವರೆಗೆ ಒಂದೇ ಸಮ. ಅವತ್ತು ಆರೂವರೆಗೆ ಗಾಳಿ ಥಟ್ಟನೆ ನಿಂತಿತು. ಮಂಜು ಇಳಿಯಿತು. ಇಳಿತ ಶುರುವಾಗಿತ್ತು. ಅಂದರೆ ಇಡೀ ಕೊಲ್ಲಿಯ ನೀರು ಸೇತುವೆಯ ಕೆಳಗಿಂದ ಸಮುದ್ರಕ್ಕೆ ಹೋಗುತ್ತಿದೆ, ಅದರ ಜೊತೆ ನಾನೂ. ಹಾಯಿ ಬಿಚ್ಚಿ ಮಾಸ್ಟಿಗೆ ಸುತ್ತಿ ಬೋರ್ಡಿನ ಮೇಲಿಟ್ಟು, ಅದರ ಮೇಲೆ ಬೋರಲಾಗಿ ಮಲಗಿ ಕೈಯಲ್ಲಿ ಹುಟ್ಟು ಹಾಕಿದೆ. ನೀರು ಕೊರೆಯುತ್ತಿತ್ತು. ಸೇತುವೆಯ ಕಂಬ ದೊಡ್ಡದಾಗುತ್ತಾ ಬಂತು, ಮಂಜಿನ ಹಾರ್ನ್ ಎದೆಯೊಳಗೇ ಮೊಳಗಿದ ಹಾಗೆ. ಮೀನಿನ ದೋಣಿಯೊಂದು ಒಳಗೆ ಬರುತ್ತಿತ್ತು. ಅವರು ಹಗ್ಗ ಎಸೆದರು. ಬೋರ್ಡು ಬಿಟ್ಟು ಈಜಿದ್ದರೆ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಏನೇ ಆಗಲಿ ಬೋರ್ಡು ಬಿಡಬಾರದು.

ತಪ್ಪು ಪೂರ್ತಿ ನನ್ನದು. ಉಬ್ಬರ ಇಳಿತದ ಪಟ್ಟಿ ನೋಡಿರಲಿಲ್ಲ. ಎರಡು ವಾರ ನೀರಿನ ಹತ್ತಿರ ಹೋಗಲಿಲ್ಲ. ಮೂರನೇ ವಾರ ಹೋದೆ, ಪಟ್ಟಿ ಹಿಡಿದುಕೊಂಡು. ದಿನವಿಡೀ ನಾನು ಹೇಳಿದ ಹಾಗೆ ನಡೆಯುವ ಕೆಲಸ ನನ್ನದು. ಹತ್ತು ಜನ ನನ್ನ ಮಾತು ಕೇಳುತ್ತಾರೆ. ಗಾಳಿ ಕೇಳುವುದಿಲ್ಲ. ಅದರ ಮಾತು ನಾನೇ ಕೇಳಿಸಿಕೊಳ್ಳಬೇಕು. ವಾರಕ್ಕೆ ಎರಡು ಗಂಟೆ ಹಾಗೆ ಕೇಳಿಸಿಕೊಂಡು ಬಂದರೆ ಮನೆಯಲ್ಲೂ ನಾನು ಬೇರೆ ಮನುಷ್ಯ. ಇದು ನಾನು ಹೇಳಿದ್ದಲ್ಲ, ನಮ್ಮ ಮನೆಯವರು ಹೇಳಿದ್ದು.

ಗ್ಯಾರೇಜಿನ ಹಾಯಿ

ಆರು ವಾರ ಆಯಿತು. ಏನಾಯಿತು ಅಂತ ಬರೆಯದಿದ್ದರೆ ತಪ್ಪಾಗುತ್ತದೆ.

ಪಡುಗಾಳಿ ಸಾರ್ ಬೋರ್ಡು ಕೊಟ್ಟರು, ಹೊಸ ಮಾಸ್ಟ್ ಫುಟ್ಟನ್ನೂ ಕೈಯಲ್ಲಿಟ್ಟರು. ಮೊದಲ ದಿನ ಶೋರ್‌ಲೈನ್ ಕೆರೆ, 9 ನಾಟ್ ಗಾಳಿ. ಬೋರ್ಡಿನ ಮೇಲೆ ಮಂಡಿಯೂರಿ ಎರಡು ನಿಮಿಷ ಹಾಗೇ ಇದ್ದೆ. ಮುಂದೇನು ಮಾಡಬೇಕು ಅಂತ ತಲೆಗೆ ಏನೂ ಹೊಳೆಯಲಿಲ್ಲ. ಎದ್ದು ನಿಂತೆ. ಪಾದಗಳು ತಾವಾಗಿಯೇ ಮಾಸ್ಟಿನ ಎರಡೂ ಪಕ್ಕಕ್ಕೆ ಹೋದವು. ಹಗ್ಗ ಎಳೆದೆ, ಸಾಗರದ ಅಕ್ಕ ಹೇಳಿದ ಹಾಗೆಯೇ ನೀರು ಸುರ್ರೆಂದಿತು. ಮುಂದಿನ ಕೈ ಬೂಮಿಗೆ, ಹಿಂದಿನ ಕೈ ಬೂಮಿಗೆ. ಹೊರಟೆ. ಹದಿನಾರು ವರ್ಷ ನಾನು ಒಂದು ಸಲವೂ ನೆನೆಸಿಕೊಳ್ಳದ ಕೆಲಸವನ್ನು ಕಾಲು ಎಲ್ಲಿಟ್ಟುಕೊಂಡಿತ್ತೋ. ತಿರುಗುವುದು ಮಾತ್ರ ಮರೆತಿತ್ತು. ಪ್ರತಿ ತಿರುವಿಗೂ ಬಿದ್ದೆ. ಅಂಗೈಯಲ್ಲಿ ನಾಲ್ಕು ಬೊಬ್ಬೆ. ಮಾರನೇ ದಿನ ಕಾಫಿ ಲೋಟ ಎತ್ತಲು ಎರಡೂ ಕೈ ಬೇಕಾಯಿತು.

ಆಮೇಲೆ ನಾಲ್ಕು ಸಲ ಅಲಮೀಡಾಕ್ಕೆ ಹೋದೆ. ಹೋದ ಶನಿವಾರ 16 ನಾಟ್ ಗಾಳಿ, ಈಗಿನ ಮಾದರಿಯ 6.5ರ ಹಾಯಿ. ಹಾರ್ನೆಸ್ಸಿನ ಕೊಕ್ಕೆ ಹಗ್ಗಕ್ಕೆ ಸಿಕ್ಕಿಸಿ, ತೋಳು ಚಾಚಿ, ಹಿಂದಕ್ಕೆ ಕೂತ ಹಾಗೆ ಮೈ ಬಿಟ್ಟೆ. ಗಾಳಿಯ ಒಂದು ಅಲೆ ಬಂತು. ಅಲ್ಲಿಯವರೆಗೆ ಬೋರ್ಡಿನ ಮೂತಿಗೆ ನೀರು ಚಪ್ ಚಪ್ ಹೊಡೆಯುತ್ತಿತ್ತು. ಆ ಸದ್ದು ನಿಂತಿತು. ಬೋರ್ಡು ತನ್ನ ಅಲೆಯನ್ನೇ ಹತ್ತಿ ಆಚೆಗೆ ಬಂತು, ಹೊಸ ಬಟ್ಟೆ ಹರಿದ ಹಾಗೆ ಕೆಳಗೆ ಸರ್ರ್ ಅಂತ ಸದ್ದು. ಕೈಯಲ್ಲಿ ಭಾರವೇ ಇಲ್ಲ. ಬೆರಳು ಸಡಿಲ ಬಿಟ್ಟೆ, ಆದರೂ ನಿಂತಿದ್ದೇನೆ. ಹತ್ತು ಸೆಕೆಂಡು ಇರಬಹುದು, ಹನ್ನೆರಡು ಇರಬಹುದು. ಅಪ್ಪ ಹೋದ ಮೇಲೆ ಎದೆಯ ಮೇಲೆ ಏನೋ ಒಂದು ಕೂತಿತ್ತು. ಅದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಆ ಹತ್ತು ಸೆಕೆಂಡು ಅದು ಇರಲಿಲ್ಲ.

ಮಗ ದಡದಲ್ಲಿದ್ದ. ಅವನ ಪ್ರಶ್ನೆಗೆ ಬಾಯಲ್ಲಿ ಉತ್ತರ ಇನ್ನೂ ಬಂದಿಲ್ಲ. ಅವತ್ತು ಅವನೂ ಕೇಳಲಿಲ್ಲ. ಹಾಯಿ ಬಿಚ್ಚುವಾಗ ಬಂದು ಮಾಸ್ಟ್ ಹಿಡಿದುಕೊಂಡ.

ಈಗ ಒಂದು ತೊಂದರೆ. ಗಾಳಿ ಜೋರಾದಾಗ ಹಾಯಿ ಹಿಂದಿನ ಕೈಯನ್ನೇ ಎಳೆಯುತ್ತದೆ, ಮತ್ತೆ ಎಡ ಭುಜಕ್ಕೆ ಬರುತ್ತದೆ. ಹಾರ್ನೆಸ್ ಹಗ್ಗ ಹಿಂದಕ್ಕೆ ಸರಿಸಲಾ?

ಪಡುಗಾಳಿ

ಓದಿ ತುಂಬಾ ಸಂತೋಷವಾಯಿತು.

ಹಗ್ಗ ಮುಟ್ಟಬೇಡಿ, ಮೊದಲು ಹಾಯಿ ನೋಡಿ. ಬುಡದ ಹಗ್ಗವನ್ನು ಸಾಕಷ್ಟು ಎಳೆದಿಲ್ಲ ಅನ್ನಿಸುತ್ತದೆ. ಹಳೇ ಹಾಯಿಗಳ ಅಭ್ಯಾಸ ನಿಮಗೆ. ಈಗಿನವಕ್ಕೆ ಇನ್ನೂ ಜಾಸ್ತಿ ಎಳೆತ ಬೇಕು. ಮೇಲ್ತುದಿಯ ಹಿಂಬದಿ ಅಂಚು ಕೈಯಲ್ಲಿ ತಳ್ಳಿದರೆ ಸಡಿಲವಾಗಿ ಅಲ್ಲಾಡಬೇಕು. ಅಲ್ಲಾಡದಿದ್ದರೆ ಜೋರು ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ಎಳೆತ ಹಿಂದಕ್ಕೆ ಸರಿಯುತ್ತದೆ, ಅದೇ ನಿಮ್ಮ ಹಿಂದಿನ ಕೈಗೆ ಬರುವುದು. ಇನ್ನೂ ಮೂರು ಸೆಂಟಿಮೀಟರ್ ಎಳೆಯಿರಿ.

ಬರೆದು ತಿಳಿಸುವುದು ಕಷ್ಟ. ಶನಿವಾರ ಮೂರು ಗಂಟೆಗೆ ಅಲಮೀಡಾದಲ್ಲಿ ನೀರು ಚೆನ್ನಾಗಿರುತ್ತದೆ, ಪಟ್ಟಿ ನೋಡಿದ್ದೇನೆ. ಎರಡೂವರೆಗೆ ಬನ್ನಿ, ಹುಲ್ಲಿನ ಮೇಲೆ ಹಾಯಿ ಹಾಸಿ ತೋರಿಸುತ್ತೇನೆ. ಮಗನನ್ನೂ ಕರೆತನ್ನಿ, ನನ್ನ ಹತ್ತಿರ 4.0ರ ಹಾಯಿ ಇದೆ. ರೆಕ್ಕೆ ಹುಡುಗ, ನೀವೂ ಬನ್ನಿ.

ರೆಕ್ಕೆ ಹುಡುಗ

ಬರುತ್ತೇನೆ ಸಾರ್. ಚಿತ್ರಾನ್ನ ನನ್ನ ಕಡೆಯಿಂದ.